ಅತ್ತಿಗೆಯ ಒಂದು ವರ್ಷ

ಪಂಚಾಂಗದ ವಿಷಯದಲ್ಲಿ ಉಪೇಂದ್ರನಿಗೆ ಕೊಂಚ ಜಂಬವೇ ಇತ್ತು. ಅಂಬತ್ತೂರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದಿದ್ದರೂ ನೆಂಟರಿಷ್ಟರ ಮನೆಯ ತಿಥಿಗಳೆಲ್ಲ ಅವನಿಗೆ ಬಾಯಿಪಾಠ. ಆ ಜಂಬವೇ ಅತ್ತಿಗೆಯ ದಾರಿಗೆ ಅಡ್ಡ ಬಿತ್ತು.

ಅಣ್ಣ ಪಂಢರಿನಾಥ ಅಮೆರಿಕದ ಒಂದು ದೇವಸ್ಥಾನದಲ್ಲಿ ಅಡುಗೆಯವನಾಗಿದ್ದ. ೨೦೦೩ರ ಅಕ್ಟೋಬರಿನಲ್ಲಿ ಒಬ್ಬನೇ ಊರಿಗೆ ಬಂದವನು ವೇಲಚೇರಿಯ ತಮ್ಮನ ಮನೆಯಲ್ಲೇ ಎದೆನೋವಿನಿಂದ ತೀರಿಕೊಂಡ. ಅಂದು ಕಾರ್ತಿಕ ಶುದ್ಧ ಪಂಚಮಿ. ಗಂಡುಮಕ್ಕಳಿಲ್ಲದ ಅಣ್ಣನಿಗೆ ಉಪೇಂದ್ರನೇ ಕರ್ಮ ಹಿಡಿದ. ಮಗಳು ಸಂಹಿತಾಳನ್ನೂ ಅಳಿಯನನ್ನೂ ಅಮೆರಿಕದಲ್ಲೇ ಬಿಟ್ಟು ಅತ್ತಿಗೆ ವೆಂಕಟಲಕ್ಷ್ಮಿ ಅಳುತ್ತಾ ಬಂದಿಳಿದಳು.

ಹದಿಮೂರು ದಿನ ಕಳೆದ ಮೇಲೆ ಹೊರಡುತ್ತೇನೆಂದಳು. ಗಂಡನ ವರ್ಷಾಬ್ದಿಕ ಮುಗಿಯದೆ ಕಡಲು ದಾಟುವುದೇ ಎಂದು ಉಪೇಂದ್ರ ಬಿಡಲಿಲ್ಲ. ಅಮ್ಮನ ಗ್ರೀನ್ ಕಾರ್ಡು ಹಿಡಿದು ವಾಪಸು ಬರಲು ಅಮೆರಿಕ ಬಿಟ್ಟ ದಿನದಿಂದ ಒಂದೇ ವರ್ಷದ ಗಡುವು, ಹೆಚ್ಚು ದಿನ ಇರುವುದಾದರೆ ಹೊರಡುವ ಮೊದಲೇ ಬೇರೆ ಪರ್ಮಿಟ್ ಮಾಡಿಸಿರಬೇಕಿತ್ತು ಎಂದು ಸಂಹಿತಾ ಫೋನಿನಲ್ಲಿ ಎಚ್ಚರಿಸಿದಳು. ತಿಥಿಯ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಮೊದಲೇ ಮುಗಿಯುತ್ತದೆ, ಯೋಚನೆ ಬೇಡ ಎಂದು ಉಪೇಂದ್ರ ಬೀಗಿದ.

ಮರುವರ್ಷ ಸಂಹಿತಾ ಬಸುರಿಯಾದಳು. ಹಿಂದೆ ಎರಡು ಸಲ ನಿಲ್ಲದೆ ಹೋಗಿತ್ತು. ಈ ಸಲ ಡಿಸೆಂಬರಿಗೆ ದಿನ ತುಂಬುವುದಿತ್ತು, ಅಮ್ಮ ಬಂದು ಬಾಣಂತನ ಮಾಡುತ್ತಾಳೆಂಬ ಧೈರ್ಯದಲ್ಲಿ ಅವಳಿದ್ದಳು. ವರ್ಷಾಬ್ದಿಕ ಮುಗಿದ ಕೂಡಲೇ ಹೊರಡುವಂತೆ ಉಪೇಂದ್ರ ನವೆಂಬರ್ ಹದಿನೆಂಟಕ್ಕೆ ಟಿಕೆಟ್ ತೆಗೆಸಿದ. ತಾರೀಖಿನ ಮೇಲೆ ಬೇರೆ ಯಾರೂ ಕಣ್ಣು ಹಾಯಿಸಲಿಲ್ಲ. ಉಪೇಂದ್ರ ನೋಡಿದ್ದಾನೆಂದರೆ ಮುಗಿಯಿತು.

ಹೊರಡುವ ದಿನ ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಕಾರ್ಡನ್ನೂ ಪಾಸ್‌ಪೋರ್ಟನ್ನೂ ಎರಡೆರಡು ಸಲ ನೋಡಿದಳು. ಅಮೆರಿಕ ಬಿಟ್ಟು ಒಂದು ವರ್ಷದ ಮೇಲೆ ಹದಿನೆಂಟು ದಿನವಾಗಿದೆ, ಹತ್ತಿಸುವಂತಿಲ್ಲ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿದಳು. ಉಪೇಂದ್ರ ಬೆರಳು ಮಡಿಸಿ ತಿಂಗಳು ಎಣಿಸಿದ. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ವರ್ಷಕ್ಕೆ ಹದಿಮೂರು ತಿಂಗಳು. ಆ ಹೆಚ್ಚಿನ ತಿಂಗಳ ಮಾಸಿಕ ಶ್ರಾದ್ಧವನ್ನು ತಾನೇ ಶ್ರದ್ಧೆಯಿಂದ ಮಾಡಿದ್ದ. ಅತ್ತಿಗೆಯ ಗಡುವಿಗೆ ಮಾತ್ರ ಅದನ್ನು ಸೇರಿಸಿ ನೋಡಿರಲಿಲ್ಲ.

ಕೈಮೀರಿದ ಕಾರಣದಿಂದ ತಡವಾದವರಿಗೆ ಒಂದು ವಿಶೇಷ ವೀಸಾ ಇದೆಯೆಂದು ಯಾರೋ ಹೇಳಿದರು. ಕಾಯಿಲೆಯಾಗಿತ್ತೆಂದು ಡಾಕ್ಟರ ಕಾಗದ ತರುತ್ತೇನೆಂದು ಉಪೇಂದ್ರ ಗೋಗರೆದ. ಅತ್ತಿಗೆ ಒಲ್ಲೆನೆಂದು ತಲೆಯಾಡಿಸಿದಳು.

“ಅವರ ವರ್ಷಕ್ಕೇಂತ ಉಳ್ಕೊಂಡವಳು ನಾನು. ಅದರ ಮೇಲೆ ಸುಳ್ಳು ಹೇಳೋದು ಬೇಡ, ಉಪೇಂದ್ರ.”

ಯಾರಾದರೂ ತಡೆದರೇ ಎಂದು ವೀಸಾ ಕಚೇರಿಯಲ್ಲಿ ಕೇಳಿದಾಗ ಅವಳು ಪಕ್ಕದಲ್ಲಿದ್ದ ಮೈದುನನ ಕಡೆ ತಿರುಗಿಯೂ ನೋಡಲಿಲ್ಲ. ನಾನಾಗಿಯೇ ಉಳಿದೆ ಎಂದಳು. ಅರ್ಜಿ ತಿರಸ್ಕಾರವಾಯಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಉಪೇಂದ್ರನಿಗೆ ಅನ್ನಿಸಿತು.

ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ಎಣ್ಣೆ ಎಷ್ಟು ಬೆಚ್ಚಗಿರಬೇಕು, ನೆತ್ತಿಗೆ ಹೇಗೆ ತಟ್ಟಬೇಕು ಎಂದು ಅತ್ತಿಗೆ ಫೋನಿನಲ್ಲೇ ಅಳಿಯನಿಗೆ ಹೇಳಿಕೊಟ್ಟಳು. ಆಮೇಲೆ ಸಂಹಿತಾ ಚಿಕ್ಕಪ್ಪನಿಗೆ ಫೋನು ಕೊಡೆಂದಳಂತೆ. ಲೆಕ್ಕ ತಪ್ಪಿದ್ದು ತಾನೇ ಎಂದು ಒಪ್ಪಿಕೊಂಡುಬಿಡಬೇಕೆಂದು ಉಪೇಂದ್ರ ಫೋನು ಹಿಡಿದ.

“ಚಿಕ್ಕಪ್ಪಾ,” ಅವಳ ದನಿ ಸೋತಿತ್ತು. “ಅಮ್ಮ ಬರದೇ ಹೋದ್ರೂ ಪರವಾಗಿಲ್ಲ. ಅಪ್ಪಂದು ಎಲ್ಲಾ ಕರೆಕ್ಟಾಗಿ ಆಯ್ತಲ್ಲ?”



“ಆಯ್ತಮ್ಮ,” ಅಂದ ಉಪೇಂದ್ರ. “ಒಂದು ತಿಥೀನೂ ತಪ್ಪಲಿಲ್ಲ.”