ಕೂತವನ ಮುಖ

ಟಿಬೆಟನ್ ಕಾಲೊನಿಯ ಮಠಕ್ಕೆ ಗೋವಿನಜೋಳದ ಚೀಲ ಇಳಿಸಲು ಬಂದಿದ್ದೆವು. ರೂಪ್ಲಪ್ಪ ಮಾಮಾ ಚೀಲ ಹೊರುತ್ತಿದ್ದ. ನಾನು ಪಿಕಪ್ಪಿನ ಹಿಂದೆ ಮೊಬೈಲು ನೋಡುತ್ತ ನಿಂತಿದ್ದೆ. ಬೆಳಿಗ್ಗೆಯಿಂದ ಷೇರು ಪೇಟೆ ನನ್ನನ್ನು ತುಳಿಯುತ್ತಿತ್ತು. ತಂಗಿ ತುಳಜಾಳ ನರ್ಸಿಂಗ್ ಫೀಗೆಂದು ಅವ್ವ ನನ್ನ ಕೈಗೆ ಕೊಟ್ಟಿದ್ದ ದುಡ್ಡಿನಲ್ಲಿ ಅರ್ಧ ಹೋಗಿತ್ತು. ಉಳಿದರ್ಧವನ್ನೂ ಒಂದೇ ಏಟಿಗೆ ಹಾಕಿ, ಪೇಟೆ ಮುಚ್ಚುವುದರೊಳಗೆ ಹೋದದ್ದೆಲ್ಲ ವಾಪಸ್ ಕಿತ್ತುಕೊಳ್ಳಬೇಕು. ಕಣ್ಣು ಉರಿಯುತ್ತಿತ್ತು. ಅಂಕಿಗಳು ಒಂದರೊಳಗೊಂದು ಕಲಸಿ ಕಾಣುತ್ತಿದ್ದವು.

‘ಏ ಸಾಹುಕಾರ, ಒಂದ್ ಚೀಲಕ್ಕರ ಕೈ ಹಚ್ಚೋ,’ ಅಂದ ಮಾಮಾ.

‘ಸುಮ್ನಿರು ಮಾಮಾ, ತಲಿ ಕೆಟ್ಟೈತಿ.’

‘ಯಾವಾಗ ನೆಟ್ಟಗಿತ್ತು?’

ಅಷ್ಟರಲ್ಲಿ ಅಂಗಳದಲ್ಲಿ ಚೀರಾಟ. ಒಬ್ಬ ಲಾಮಾ ನೆಲ ಒದ್ದು, ಕೆಳಗೆ ಕೂತಿದ್ದ ಇನ್ನೊಬ್ಬನ ಮೂಗಿನ ಮುಂದೆಯೇ ಫಟ್ಟನೆ ಚಪ್ಪಾಳೆ ಬಡಿದ. ಸುತ್ತಲಿದ್ದವರೂ ಕೂಗಿದರು. ನನಗೂ ಯಾರ ಮೇಲಾದರೂ ಏರಿ ಹೋಗಬೇಕಿತ್ತು, ನುಗ್ಗಿದೆ.

‘ಕೂತಾವನ ಮ್ಯಾಲ ಕೈ ಮಾಡ್ತೀಯೇನೋ?’

ಮಾಮಾ ಅಂಗಿ ಹಿಡಿದು ಜಗ್ಗಿದ. ‘ಹುಚ್ಚಪ್ಪ, ಜಗಳ ಅಲ್ಲದು! ಅವರ ಓದು ಹಂಗ. ನಿಂತಾವ ಕೇಳ್ತಾನ, ಕೂತಾವ ಉತ್ತರ ಹೇಳ್ಬೇಕು.’

ನಾಚಿ ಹಿಂದೆ ಸರಿದೆ. ನಿಂತವ ಮತ್ತೆ ಗುಡುಗಿದ. ಕೂತವನ ಉತ್ತರ ತಪ್ಪಿತೆಂದು ಕಾಣುತ್ತದೆ, ಎಲ್ಲರೂ ಹೋ ಎಂದರು. ನಾನಾಗಿದ್ದರೆ ಕಲ್ಲೆತ್ತುತ್ತಿದ್ದೆ. ಅವನು ಒಂದು ಉಸಿರು ತೆಗೆದುಕೊಂಡ. ತಪ್ಪಿದ್ದನ್ನು ಅಲ್ಲೇ ಬಿಟ್ಟು, ನಕ್ಕು, ಮುಂದಿನ ಪ್ರಶ್ನೆಗೆ ಮುಖವೆತ್ತಿದ. ನನ್ನ ವಯಸ್ಸಿನವನೇ. ಸೋತ ಗುರುತು ಆ ಮುಖದಲ್ಲಿ ಎಲ್ಲಿಯೂ ಇರಲಿಲ್ಲ. ಅಷ್ಟು ಬೆಂಕಿಯ ನಡುವೆ ಒಬ್ಬ ಮನುಷ್ಯ ಹಾಗೆ ಕೂರಬಲ್ಲ! ನಮ್ಮ ಶಾಲೆಯಲ್ಲಿ ಉತ್ತರ ತಪ್ಪಿದರೆ ಬೆತ್ತ ಬೀಳುತ್ತಿತ್ತು. ಒಂಬತ್ತನೇ ಕ್ಲಾಸಿಗೇ ಪಾಟಿಚೀಲ ಬಿಸಾಡಿ ಬಂದವನು ನಾನು.

ಹೆಬ್ಬೆರಳು ಇನ್ನೂ ಮೊಬೈಲಿನ ಖರೀದಿ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಉಳಿದ ದುಡ್ಡನ್ನು ಬ್ಯಾಂಕಿಗೆ ವಾಪಸ್ ಹಾಕಿ, ತುಳಜಾಳಿಗೆ ಫೋನ್ ಹಚ್ಚಿದೆ.

‘ನಿನ್ನ ಫೀ ರೊಕ್ಕ ಪೇಟಿಗೆ ಹಾಕಿದ್ನಿ. ಅರ್ಧ ಹೋತು.’

‘ಸುದ್ಯಾ! ನಿನ್ನ ಕೈ ಸೇದ್ಹೋಗ! ಕಾಲೇಜಿನ್ಯಾಗ ಏನ್ ನಿನ್ನ ಮೊಬೈಲ್ ತೋರಸ್ಲೇನೋ?’

ಬೇರೆ ದಿನವಾಗಿದ್ದರೆ ಅವಳಿಗಿಂತ ಜೋರಾಗಿ ಒದರಿ ಕಟ್ ಮಾಡುತ್ತಿದ್ದೆ. ಈಗ ಜೋಳದ ಚೀಲದ ಮೇಲೆ ಕೂತೆ. ಉಸಿರು ತೆಗೆದುಕೊಂಡೆ.

‘ತಪ್ಪು ನಂದು. ಮುಂದ ಹೇಳು.’

ಅವಳು ಮೊದಲಿಗಿಂತ ಜೋರಾಗಿ ಬೈಯಲು ಶುರು ಮಾಡಿದಳು.