ಬಲಗಣ್ಣಿನ ಪಟ್ಟಿ

ಹುಬ್ಬಿಗಂಟಿದ ಪ್ಲಾಸ್ಟರು ಕೀಳುವಾಗ ಚುರ್ರೆನ್ನುತ್ತದೆ, ನಿಧಾನ ಸಿಸ್ಟರ್, ನನಗಿರುವುದು ಅದೊಂದೇ ಕಣ್ಣು, ಎಡಗಣ್ಣು ಈಸ್ಟರಿಗೆ ಮೊದಲೇ ಹೋಯಿತು, ಈಗ ಅಲ್ಲಿ ಬೂದಿ ಕಲಸಿದ ನೀರು ಅಷ್ಟೇ — ನಿನ್ನೆ ಈ ಬಲಗಣ್ಣಿನ ಹಿಂದೆ ಕೊಯ್ದಿದ್ದಾರೆ, ತಲೆಬುರುಡೆಯೊಳಗೆ ನೀರಿನ ಒತ್ತಡ ಏರಿ ಕಣ್ಣಿನ ನರವನ್ನು ಹಿಸುಕುತ್ತಿದೆ, ನರದ ಹೊದಿಕೆ ಸೀಳಿ ನೀರಿಗೆ ದಾರಿ ಮಾಡ್ತೀವಿ ಅಂದಿದ್ದರು ಡಾಕ್ಟರಮ್ಮ, ಹೋದದ್ದನ್ನ ತರೋಕಲ್ಲ ಸ್ಲಾವೊಯ್ಕಾ, ಉಳಿದದ್ದು ಉಳೀಲಿ ಅಂತ, ಎಷ್ಟು ಉಳಿದಿದೆ ಎಂದು ನಾನು ಕೇಳಲಿಲ್ಲ, ಕೇಳುವುದಕ್ಕೂ ಧೈರ್ಯ ಬೇಕಲ್ಲ, ಹೋದ ಸೆಪ್ಟೆಂಬರಿನಲ್ಲೇ ಡಾಕ್ಟರನ್ನು ಕೇಳಬೇಕಿತ್ತು, ಆಗ ಅಂಗಳದ ಒಲೆಯ ಮೇಲೆ ಬಗ್ಗಿ ಚಳಿಗಾಲಕ್ಕೆಂದು ಐವರ್ ಚಟ್ನಿ ಕಲಕುತ್ತಿದ್ದೇನೆ, ಇಪ್ಪತ್ತು ಕಿಲೋ ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸುಲಿದದ್ದು, ತಳ ಹಿಡಿದೀತೆಂದು ಕೈ ಬಿಡುವಂತಿಲ್ಲ, ಬಗ್ಗಿದಷ್ಟೂ ಕಣ್ಣಿಗೆ ಕೆಂಪೆಲ್ಲ ಬೂದಾಗಿ, ಕಪ್ಪಾಗಿ, ನೆಟ್ಟಗೆ ನಿಂತರೆ ಮತ್ತೆ ಕೆಂಪು, ಕಿವಿಯಲ್ಲಿ ಎದೆಬಡಿತದ ಜೊತೆಗೇ ಬುಸ್ ಬುಸ್ ಸದ್ದು, ಅತ್ತೆ ಸ್ತಾಮೆಂಕಾ ನೋಡಿದವಳೇ ಪ್ರೊಮಾಯಾ ಹೊಡೆದಿದೆ ಕಣೇ ನಿಂಗೆ, ಒದ್ದೆ ತಲೇಲಿ ಎರಡು ಕಿಟಕಿ ನಡುವೆ ಕೂತ್ರೆ ಇನ್ನೇನಾಗುತ್ತೆ ಅಂದಳು, ಸರ್ಬಿಯಾದಲ್ಲಿ ಆ ಅಡ್ಡಗಾಳಿಯಿಂದ ಬರದ ಕಾಯಿಲೆಯೇ ಇಲ್ಲ, ಕತ್ತು ಹಿಡಿದರೂ ಅದೇ, ಹಲ್ಲು ನೋವಾದರೂ ಅದೇ, ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದಳು, ರಾಕಿಯಾ ಸಾರಾಯಿಯಲ್ಲಿ ನೆನೆಸಿದ ಆಲೂಗಡ್ಡೆ ಬಿಲ್ಲೆಗಳನ್ನು ಹಣೆಗಿಟ್ಟು ಬಟ್ಟೆ ಬಿಗಿದಳು, ಏಳು ತಿಂಗಳು, ದಿನಾ — ಅವಳನ್ನು ಬೈದು ಏನು ಬಂತು, ತಲೆ ಕೊಟ್ಟು ಕೂತವಳು ನಾನೇ ಅಲ್ಲವೇ, ತಂಪಾಗಿ ಹಿತವಾಗಿಯೂ ಇತ್ತು, ಹಾಳು ಹಿತ, ಅವಳಿಗೂ ಗೊತ್ತು, ಆಸ್ಪತ್ರೆಗೆ ಸೇರಿಸಿದಂದಿನಿಂದ ನನ್ನ ಮುಂದೆ ಸರಿಯಾಗಿ ಊಟ ಮಾಡಿಲ್ಲ.

ಬೆಳಕು, ಬಂತು, ಎಷ್ಟು ಬೆರಳು ಹೇಳಿ, ಡಾಕ್ಟರಮ್ಮನ ದನಿ, ಮೂರು, ಈಗ, ಒಂದು, ನಿಮ್ಮ ಉಗುರಿನ ಪಕ್ಕದ ಗೀರು ಕೂಡ ಕಾಣ್ತಿದೆ ಡಾಕ್ಟರಮ್ಮ, ದೇವರೇ, ಬದುಕಿದೆ, ಮೂವತ್ತೆಂಟಕ್ಕೇ ಗೋಡೆ ತಡವಿಕೊಂಡು ನಡೆಯಬೇಕಿಲ್ಲ, ಅತ್ತೆಗೆ ಫೋನ್ ಮಾಡಿ ಸಿಸ್ಟರ್, ಇನ್ನೂ ಬಂದಿಲ್ಲ ನೋಡಿ ಅನ್ನುತ್ತೇನೆ — ನನ್ನ ಮೊಣಕೈ ಪಕ್ಕದಿಂದಲೇ ಅತ್ತೆಯ ದನಿ, ಬೆಳಗ್ಗೆಯಿಂದ ಮಾತಾಡೋ ಧೈರ್ಯವಿಲ್ದೆ ಇಲ್ಲೇ ಕೂತಿದ್ದೀನಲ್ಲೇ ಮಗಳೇ, ತಿರುಗುತ್ತೇನೆ, ಕೊಳವೆಯೊಳಗಿಂದ ನೋಡಿದ ಹಾಗೆ ಒಂದು ಬಾಯಿ, ಅಳು ತಡೆದ ಬಾಯಿ, ಮೇಲೆ ಹುಡುಕಿದರೆ ಒಂದು ಕಣ್ಣು, ಕಣ್ಣು ಸಿಕ್ಕಿದರೆ ಬಾಯಿ ಇಲ್ಲ, ಮೊನ್ನೆವರೆಗೆ ಅಂಚುಗಳಷ್ಟೇ ಮಸುಕಾಗಿದ್ದವು, ಇಷ್ಟೇನಾ ಉಳಿದದ್ದು, ನಿನ್ನ ಮುಖ ಎಲ್ಲಿ ಅತ್ತೆ, ನೀನು ಅಲ್ಲಾಡಬೇಡ, ಸುತ್ತಲೂ ಕಪ್ಪು, ಮತ್ತೆ ಬಾಯಿ, ಬರೀ ಬಾಯಿ, ಬಾಯಿ —