ಹಾಸಿಗೆಯ ಆಚೆ ಬದಿ

ತೀರಿಹೋದ ಉದ್ದಕ್ಕನ ತಲೆಯಡಿಯ ದಿಂಬು ಒಂದು ಕಡೆಗೆ ವಾಲಿದೆ ಎಂದು ಗಿಡ್ಡಿ ಅದನ್ನು ಸರಿಮಾಡಲು ಬಗ್ಗಿದಳು. ಅಷ್ಟರಲ್ಲಿ ಆಚೆ ಕಡೆಯಿಂದ ಇನ್ನೊಂದು ಕೈ ಬಂದು ಅದೇ ದಿಂಬನ್ನು ಹಿಡಿಯಿತು. ಸೂಜಿಯ ಗಾಯ ಒಂದೂ ಇಲ್ಲದ, ಕಾಗದ ಮುಟ್ಟುವವರ ಕೈ. ಕಾರ್ಖಾನೆಯ ಕಚೇರಿಯಲ್ಲಿ ಆರೋಗ್ಯ ವಿಮೆಯ ಅರ್ಜಿಗಳನ್ನು ನೋಡಿಕೊಳ್ಳುವವಳದು.

"ನಾನ್ ನೋಡ್ಕೋತೀನಿ, ಬಿಡಿ," ಎಂದಳು ಗಿಡ್ಡಿ.

"ತಲೆ ಆ ಕಡೆ ತಿರುಗಿದ್ರೆ ಅವರಿಗೆ ನೋವಾಗ್ತಿತ್ತು," ಎಂದಳು ವಿಮೆಯವಳು ಮೆಲ್ಲಗೆ. "ಕೊನೇ ಆರು ತಿಂಗಳು ಬಲಮಗ್ಗುಲಲ್ಲೇ ಮಲಗ್ತಿದ್ರು."

ಗಿಡ್ಡಿಯ ಕೈ ದಿಂಬಿನ ಮೇಲೆಯೇ ನಿಂತಿತು. ಈ ಆರು ತಿಂಗಳಲ್ಲಿ ಅವಳು ಉದ್ದಕ್ಕನನ್ನು ನೋಡಲು ನಾಲ್ಕು ಸಲ ಬಂದಿದ್ದಳು. ನಾಲ್ಕು ಸಲವೂ ಉದ್ದಕ್ಕ ದಿಂಬಿಗೆ ಒರಗಿ ಕೂತು, "ಬೆನ್ನುನೋವು ಕಣೇ, ವಯಸ್ಸಾಯ್ತಲ್ಲ," ಎಂದು ನಕ್ಕಿದ್ದಳು. ಮಲಗಿದ್ದನ್ನು ಗಿಡ್ಡಿ ಕಂಡೇ ಇರಲಿಲ್ಲ.

ಹಾಸಿಗೆ ಕಾರ್ಖಾನೆಯಲ್ಲಿ ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಜೋಡಿ. ಹತ್ತಿ ತುಂಬಿದ ಹಾಸಿಗೆಯನ್ನು ಚೌಕಟ್ಟಿನಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಈಚೆಯವಳು ಮೊಳದುದ್ದದ ಸೂಜಿಯನ್ನು ಚುಚ್ಚಿ ತಳ್ಳಬೇಕು. ಆಚೆಯವಳು ಅದನ್ನೆಳೆದು, ಗುಂಡಿ ಪೋಣಿಸಿ, ಮತ್ತೆ ಈಚೆಗೆ ತಳ್ಳಬೇಕು. ಮುಖ ಕಾಣದು, ಮಾತು ಮಾತ್ರ ಕೇಳುತ್ತದೆ. ಗಂಡ ಬಿಟ್ಟುಹೋದದ್ದನ್ನೂ ಮಗಳ ಮೊದಲ ಜ್ವರವನ್ನೂ ಉದ್ದಕ್ಕ ಹೇಳಿಕೊಂಡಿದ್ದು ಹಾಗೆಯೇ. ಅವಳ ಹೊಟ್ಟೆಯೊಳಗಿನದೆಲ್ಲ ತನಗೆ ಗೊತ್ತು ಎಂದು ಗಿಡ್ಡಿ ಕಾರ್ಖಾನೆ ತುಂಬ ಮೆರೆದಿದ್ದಳು.

ಬಾಗಿಲ ಬಳಿಯ ಕುರ್ಚಿಗಳಲ್ಲಿ ಮಾತು ನಡೆದಿತ್ತು. ಬಟ್ಟೆ ಕತ್ತರಿಸುವ ಕತ್ತರಿಮಾಮ ಕನ್ನಡಕ ಒರೆಸುತ್ತ ಹೇಳುತ್ತಿದ್ದ: "ನನ್ನ ಕಣ್ಣಿನ ಆಪರೇಷನ್ನಿಗೆ ವಿಮೆ ಕಂಪನಿಯವರು ದುಡ್ಡು ಕೊಡಲ್ಲ ಅಂದ್ರು. ಈ ಉದ್ದಕ್ಕ, 'ಬಾಯಿಮಾತಿಗೆ ವಾಪಸ್ ಬರಬೇಡ ಮಾಮ, ಯಾಕೆ ಕೊಡಲ್ಲ ಅಂತ ಬರೆದು ಕೊಡಿ ಅಂತ ಕೇಳು, ಅದು ನಿನ್ನ ಹಕ್ಕು' ಅಂದ್ಲು. ಕೇಳಿದೆ. ಬರೆಯೋಕೆ ಅವರಿಗೆ ಕಾರಣನೇ ಸಿಗ್ಲಿಲ್ಲ. ಈಗ ಹೆಂಡ್ತಿ ಮುಖ ಸ್ಪಷ್ಟವಾಗಿ ಕಾಣುತ್ತೆ. ಅದೊಂದೇ ತೊಂದರೆ."

ನಾಲ್ಕೈದು ಜನ ನಕ್ಕು ತಲೆ ತಗ್ಗಿಸಿದರು. ಯಾರೋ ಕೇಳಿದರು: "ಉದ್ದಕ್ಕಂಗೆ ಏನಾಗಿತ್ತಂತೆ?"

"ಗಿಡ್ಡಕ್ಕನ್ನ ಕೇಳಿ," ಎಂದ ಕತ್ತರಿಮಾಮ. "ಅವಳಿಗೆ ಹೇಳದೆ ಉದ್ದಕ್ಕ ಸೀನ್ತಾನೂ ಇರಲಿಲ್ಲ."

ಎಲ್ಲರೂ ಗಿಡ್ಡಿಯ ಕಡೆ ತಿರುಗಿದರು.

"ನಂಗೆಲ್ಲ ಹೇಳಿದ್ಲು," ಎಂದಳು ಗಿಡ್ಡಿ. "ಈಗ ಅದನ್ನೆಲ್ಲ ಯಾಕೆ ಎತ್ತೋದು."

ವಿಮೆಯವಳು ಒಮ್ಮೆ ಅವಳನ್ನು ನೋಡಿ ಕಣ್ಣು ತಗ್ಗಿಸಿದಳು. 'ಸುಳ್ಳು' ಎಂದು ಎಲ್ಲರೆದುರು ಹೇಳಿಬಿಟ್ಟಿದ್ದರೂ ಗಿಡ್ಡಿಗೆ ಇಷ್ಟು ಉರಿಯುತ್ತಿರಲಿಲ್ಲ.

ವಿಮೆಯವಳು ಎದ್ದು ಅಡುಗೆಮನೆಗೆ ಹೋದಾಗ ಗಿಡ್ಡಿಯೂ ಹಿಂದೆಯೇ ಹೋದಳು. ವಿಮೆಯವಳು ಲೋಟ ತೊಳೆಯತೊಡಗಿದ್ದಳು. ಒರೆಸುವ ಬಟ್ಟೆ ಯಾವ ಗೂಟದಲ್ಲಿದೆ ಎಂದು ಅವಳು ಹುಡುಕಲಿಲ್ಲ. ನೋಡದೆಯೇ ಕೈ ಚಾಚಿ ತೆಗೆದುಕೊಂಡಳು.

"ಕಾಯಿಲೆ ವಿಷ್ಯ ನಿಮಗೆ ಯಾವಾಗ ಹೇಳಿದ್ದು?"

"ಎರಡು ವರ್ಷ ಆಯ್ತು. ಮೊದಲನೇ ವರದಿ ಬಂದ ದಿನ."

"ನಂಗೂ ಅದೇ ವಾರ," ಎಂದಳು ಗಿಡ್ಡಿ.

ವಿಮೆಯವಳು ಆ ಮಾತನ್ನು ಹಾಗೆಯೇ ಬಿಟ್ಟಳು. "ಕಾರ್ಖಾನೆಯಲ್ಲಿ ಒಬ್ಬರಿಗೂ ತಿಳೀಬಾರದು ಅಂತ ಬರೆಸಿಕೊಂಡಿದ್ರು. ವಿಮೆಗೆ ಕೊಟ್ಟ ಕಾಗದ ಮೇಸ್ತ್ರಿಗೂ ಕಾಣಬಾರದು, ಮಾಲೀಕರಿಗೂ ಕಾಣಬಾರದು, ನಿಯಮಾನೇ ಹಾಗಿದೆ. ಹಿಂದೆ ಒಂದು ಸಲ ಸುದ್ದಿ ಹೊರಗೆ ಬಿದ್ದು ಅನುಭವಿಸಿದ್ರಲ್ಲ."

"ಯಾವಾಗ?" ಎಂದಳು ಗಿಡ್ಡಿ. ಯಾವಾಗ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

* * *

ಆರು ವರ್ಷದ ಹಿಂದೆ ಹಾಸಿಗೆಯ ಆಚೆಯಿಂದ ಮಾತು ಬಂದಿತ್ತು. "ಗಿಡ್ಡೀ, ಎದೆಲೊಂದು ಗಂಟಿದೆಯಂತೆ. ಪರೀಕ್ಷೆ ಮಾಡಿಸಬೇಕು. ಯಾರಿಗೂ ಹೇಳ್ಬೇಡ್ವೇ."

ಅದೇ ವಾರ ಉದ್ದಕ್ಕನನ್ನು ಹೊಲಿಗೆ ವಿಭಾಗದ ಮೇಲ್ವಿಚಾರಕಿ ಮಾಡುತ್ತಾರೆಂಬ ಸುದ್ದಿ ಹಬ್ಬಿತು. ಅವಳಿಗೊಂದು ಮೇಜು, ಕುರ್ಚಿ, ಕತ್ತಿಗೆ ಗುರುತಿನ ಚೀಟಿ. ಹಾಸಿಗೆಯ ಆಚೆ ಬದಿಗೆ ಯಾರೋ ಹೊಸಬಳು. ಎರಡು ದಿನ ಗಿಡ್ಡಿಗೆ ಊಟ ಸೇರಲಿಲ್ಲ. ಮೂರನೆಯ ದಿನ ನೀರಿನ ನಲ್ಲಿಯ ಹತ್ತಿರ ಸಿಕ್ಕಿದ ಮೇಸ್ತ್ರಿ, "ನಿಮ್ಮ ಜೊತೆಗೆ ಬೇರೆ ಯಾರನ್ನಾದ್ರೂ ಹಾಕ್ತೀನಿ," ಎಂದ.

"ಹಾಕಿ ಸಾರ್. ಆದ್ರೆ ಉದ್ದಕ್ಕಂಗೆ ಇನ್ಮೇಲೆ ಆಸ್ಪತ್ರೆ ಅಲೆಯೋದೇ ಆಗುತ್ತೇನೋ. ಎದೆಲಿ ಗಂಟಂತೆ, ಪಾಪ."

ಆಡಿದ್ದು ಅಷ್ಟೇ. 'ಪಾಪ' ಎನ್ನುವಾಗ ದನಿ ನಿಜವಾಗಿಯೂ ಒದ್ದೆಯಾಗಿತ್ತು.

ಗಂಟು ಏನೂ ಅಲ್ಲವೆಂದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಮೇಜು ಕುರ್ಚಿ ಇನ್ನೊಬ್ಬಳ ಪಾಲಾಗಿತ್ತು. ಉದ್ದಕ್ಕ ಹಾಸಿಗೆಯ ಆಚೆ ಬದಿಗೆ ಬಂದು ನಿಂತು, "ತಳ್ಳೇ ಸೂಜಿ," ಎಂದಳು. ಆ ವಾರವಿಡೀ ಗಿಡ್ಡಿ ಹಾಡು ಗುನುಗುತ್ತ ಕೆಲಸ ಮಾಡಿದಳು.

* * *

"ದೂರು ಕೊಡ್ತೀನಿ ಅಂತ ಬಂದಿದ್ರು ಆಗ," ಎಂದಳು ವಿಮೆಯವಳು ಲೋಟ ಒರೆಸುತ್ತ. "ಕಾಯಿಲೆ ನೆಪ ಮಾಡಿ ಬಡ್ತಿ ತಪ್ಪಿಸೋ ಹಾಗಿಲ್ಲ. ಗೆಲ್ಲೋ ದೂರು ಅದು. ಸುದ್ದಿ ಯಾರಿಂದ ಹೊರಗೆ ಹೋಯ್ತು ಅಂತ ಒಂದು ಸಾಲು ತುಂಬಬೇಕಿತ್ತು. ಅಲ್ಲಿಗೆ ಬಂದು ಪೆನ್ನು ಇಟ್ಟುಬಿಟ್ರು. ಗೊತ್ತಿಲ್ಲ ಅಂತ ಬರೀರಿ ಅಂದೆ. 'ಸುಳ್ಳು ಬರೆಯಲ್ಲ' ಅಂದ್ರು. ಹೆಸರೂ ಬರೀಲಿಲ್ಲ. ಅರ್ಜಿ ಹರಿದು ಚೀಲಕ್ಕೆ ಹಾಕ್ಕೊಂಡು ಹೋದ್ರು."

"ನಿಮಗೆ... ಹೆಸರು ಹೇಳಿದ್ಲಾ?"

"ನಾನು ಕೇಳ್ಲಿಲ್ಲ," ಎಂದಳು ವಿಮೆಯವಳು. ಲೋಟದಿಂದ ಕಣ್ಣೆತ್ತಲಿಲ್ಲ.

ಗಿಡ್ಡಿ ಗೋಡೆಗೆ ಆತು ನಿಂತಳು. ನಾಚಿಕೆ ಬರಬೇಕಿತ್ತು, ಬಂತು ಕೂಡ, ಆದರೆ ಎರಡನೆಯದಾಗಿ ಬಂತು. ಮೊದಲು ಬಂದದ್ದು ಬೇರೆ. ಆರು ವರ್ಷ ಹಾಸಿಗೆಯ ಆಚೆ ನಿಂತು ತನ್ನೊಂದಿಗೆ ಅದರ ಬಗ್ಗೆ ಒಂದು ಸೊಲ್ಲೂ ಆಡದವಳು, ತನ್ನನ್ನು ಕ್ಷಮಿಸುವುದನ್ನೂ ಹೋಗಿ ಇವಳೆದುರು ಮಾಡಿದಳಲ್ಲ. ಅದನ್ನು ಕಣ್ಣಾರೆ ಕಂಡವಳು ಇವಳು.

ಹೊರಗೆ ವ್ಯಾನು ಬಂದ ಸದ್ದಾಯಿತು. ಉದ್ದಕ್ಕನನ್ನು ಮಲಗಿಸಿದ ಪೆಟ್ಟಿಗೆಯನ್ನು ನಾಲ್ವರು ಎತ್ತಿ ಒಳಗಿಟ್ಟರು. ಪಕ್ಕದಲ್ಲಿ ಇಬ್ಬರು ಕೂರುವಷ್ಟು ಬೆಂಚು. ಮಗಳು ಗಿಡ್ಡಿಯ ಮೊಣಕೈ ಹಿಡಿದಳು. ಅತ್ತು ಅತ್ತು ಅವಳ ಮುಖ ಊದಿತ್ತು.

"ಚಿಕ್ಕಮ್ಮ, ನೀವು ಅಮ್ಮನ ಪಕ್ಕ ಕೂತ್ಕೊಳ್ಳಿ. ನಾನು ಮುಂದೆ ಕೂತು ದಾರಿ ತೋರಿಸ್ತೀನಿ. ಅಮ್ಮ ನಿಮ್ಮಿಂದ ಏನೂ ಮುಚ್ಚಿಟ್ಟವರಲ್ಲ."

ಎರಡು ಮಾರು ದೂರದಲ್ಲಿ ವಿಮೆಯವಳು ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅವಳು ಬಾಯಿ ಬಿಟ್ಟರೆ ಸಾಕಿತ್ತು. ಬಿಡಲಿಲ್ಲ.

"ಹೂಂ ಕಂದ," ಎಂದು ಗಿಡ್ಡಿ ವ್ಯಾನು ಹತ್ತಿದಳು.

ವಿಮೆಯವಳು ಬಾಗಿಲ ಹತ್ತಿರ ಬಂದು ಬೆಂಚಿನತ್ತ ನೋಡಿದಳು. ಗಿಡ್ಡಿ ಹೆಗಲಿನ ಚೀಲ ತೆಗೆದು ಪಕ್ಕದಲ್ಲಿ ಇಟ್ಟಳು. "ಜಾಗ ಇಲ್ಲ," ಎಂದಳು. ವಿಮೆಯವಳು ತಲೆಯಾಡಿಸಿ, ನಡೆದು ಬರುವವರ ಗುಂಪಿಗೆ ಸೇರಿಕೊಂಡಳು.

ಬೀದಿ ಮುಗಿದು ವ್ಯಾನು ತಿರುವಿನಲ್ಲಿ ವಾಲಿತು. ಪೆಟ್ಟಿಗೆ ಅಲುಗಿತು, ಚೀಲವೂ ಅಂಚಿಗೆ ಜಾರಿತು. ಗಿಡ್ಡಿ ಒಂದು ಕೈಯಲ್ಲಿ ಪೆಟ್ಟಿಗೆಯನ್ನು ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಚೀಲವನ್ನು ಎಳೆದು ಮತ್ತೆ ಅದೇ ಜಾಗದಲ್ಲಿಟ್ಟು, ಬೀಳದಂತೆ ಒತ್ತಿ ಹಿಡಿದಳು.